ಬಿಟ್‌ಕಾಯಿನ್ ತಂತ್ರಾಂಶದ ೦.೮ನೆಯ ಆವೃತ್ತಿಯೂ ೨೦೧೩ರ ಶಾಖಾಭೇದವೂ

೧

ಒಂದು ಗ್ರಂಥಕ್ಕೆ ಅನೇಕ ಪ್ರತಿಗಳಿದ್ದು ಅವುಗಳಲ್ಲಿ ಪಾಠಭೇದಗಳು ಕಂಡುಬಂದಾಗ, ಶುದ್ಧಪಾಠವನ್ನು ನಿರ್ಣಯಿಸುವ ಕ್ರಮವು ಸಂಪಾದನಕಾರ್ಯದಲ್ಲಿ ತೊಡಗಿದವರೆಲ್ಲರಿಗೂ ವಿದಿತವೇ ಆಗಿದೆ. ಪ್ರತಿಗಳನ್ನು ಕುಲಗಳಾಗಿ ವಿಂಗಡಿಸಿ, ಲಿಪಿಕಾರರ ಸ್ಖಾಲಿತ್ಯಗಳನ್ನು ಗುರುತಿಸಿ, ಒಪ್ಪತಕ್ಕ ಪಾಠವನ್ನು ಮೇಲಿರಿಸಿ ಉಳಿದವನ್ನು ಅಡಿಯಲ್ಲಿ ಕೊಡುವುದು ರೂಢಿ. ಈ ಕ್ರಮದ ಬುಡದಲ್ಲಿ ಒಂದು ನಂಬಿಕೆಯಿದೆ: ತಪ್ಪನ್ನು ತಿದ್ದಿದರೆ ಗ್ರಂಥಕ್ಕೆ ಹಿತವಾಗುವುದೇ ಹೊರತು ಹಾನಿಯುಂಟಾಗದು. ಈ ನಂಬಿಕೆಯು ಸರ್ವತ್ರ ಸಲ್ಲತಕ್ಕದ್ದೇ ಎಂಬ ಸಂದೇಹವು ನನಗೆ ಹುಟ್ಟಿದುದು ಒಂದು ಅನಿರೀಕ್ಷಿತವಾದ ಕಡೆಯಿಂದ. ನನ್ನಲ್ಲಿ ಹಿಂದೆ ಕೌಮುದಿಯನ್ನು ಓದಿ ಈಗ ಗಣಕಶಾಸ್ತ್ರದಲ್ಲಿ ವೃತ್ತಿ ಮಾಡುತ್ತಿರುವ ಶಿಷ್ಯರೊಬ್ಬರು, ಬಿಟ್‌ಕಾಯಿನ್ ಎಂಬ ನಾಣ್ಯವ್ಯವಸ್ಥೆಯ ತಂತ್ರಾಂಶಕ್ಕೆ ೨೦೧೩ರಲ್ಲಿ ಬಂದ ಹೊಸ ಆವೃತ್ತಿಯೊಂದರ ವೃತ್ತಾಂತವನ್ನು ಹೇಳಿದರು. ಹಳೆಯ ಆವೃತ್ತಿಯಲ್ಲಿ ಯಾರಿಗೂ ತಿಳಿಯದೆ ಅಡಗಿದ್ದ ದೋಷವೊಂದು ಹೊಸದರಲ್ಲಿ ತಾನಾಗಿ ನಿವಾರಣೆಯಾದುದರಿಂದಲೇ ಆ ವ್ಯವಸ್ಥೆಯು ಎರಡಾಗಿ ಸೀಳಿತಂತೆ. ಆ ವೃತ್ತಾಂತವನ್ನು ಅದರ ಮೂಲ ದಾಖಲೆಗಳಿಂದ ತಿಳಿದುಕೊಂಡು, ಗ್ರಂಥಪರಂಪರೆಯನ್ನು ಅಭ್ಯಸಿಸುವವರಿಗೆ ಅದರಲ್ಲಿ ಏನು ವಿಚಾರಣೀಯವೆಂಬುದನ್ನು ಇಲ್ಲಿ ನಿರೂಪಿಸುತ್ತೇನೆ.

೨

ಮೊದಲು ವಿಷಯದ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಸತೋಶಿ ನಕಮೋಟೊ ಎಂಬ ಹೆಸರನ್ನು ಧರಿಸಿದ, ನಿಜವಾದ ಗುರುತು ಇಂದಿಗೂ ಸಿದ್ಧವಾಗದ ವ್ಯಕ್ತಿಯು ೨೦೦೮ರ ಅಕ್ಟೋಬರ್ ೩೧ರಂದು ಒಂಬತ್ತು ಪುಟಗಳ ಪ್ರಬಂಧವೊಂದನ್ನು ಪ್ರಕಟಿಸಿದನು. ಅದರಲ್ಲಿ ವಿವರಿಸಿದ ವ್ಯವಸ್ಥೆಯು ೨೦೦೯ರ ಜನವರಿ ೩ರ ಪ್ರಥಮ ಬ್ಲಾಕಿನಿಂದ ಮೊದಲಾಯಿತು. ಬ್ಲಾಕೆಂದರೆ ಲೆಕ್ಕಪುಸ್ತಕದ ಒಂದು ಪತ್ರ. ಯಾರಿಂದ ಯಾರಿಗೆ ಎಷ್ಟು ಹಣ ಸಂದಿತೆಂಬುದು ಅದರಲ್ಲಿ ಬರೆಯಲ್ಪಡುತ್ತದೆ. ಪ್ರತಿಯೊಂದು ಪತ್ರವೂ ತನ್ನ ಹಿಂದಿನ ಪತ್ರದ ಗಣಿತಮುದ್ರೆಯನ್ನು ಒಳಗೊಂಡಿರುವುದರಿಂದ, ನಡುವೆ ಒಂದಕ್ಷರವನ್ನು ಬದಲಿಸಿದರೂ ಮುಂದಿನದೆಲ್ಲವೂ ಕೆಡುತ್ತದೆ. ಈ ಪುಸ್ತಕಕ್ಕೆ ಒಡೆಯನಿಲ್ಲ, ಕೇಂದ್ರ ಕಾರ್ಯಾಲಯವಿಲ್ಲ. ಲೋಕದ ನಾನಾ ಕಡೆಗಳಲ್ಲಿರುವ ಸಹಸ್ರಾರು ಗಣಕಗಳು ಇದರ ಪೂರ್ಣಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು, ಹೊಸದಾಗಿ ಬಂದ ಪ್ರತಿಯೊಂದು ಪತ್ರವನ್ನೂ ತಾವೇ ಪರೀಕ್ಷಿಸಿ ಒಪ್ಪುತ್ತವೆ ಅಥವಾ ತಳ್ಳುತ್ತವೆ. ಇಂತಹ ಗಣಕಕ್ಕೆ ನೋಡ್ ಎಂದು ಹೆಸರು. ಹೊಸ ಪತ್ರವನ್ನು ರಚಿಸುವವರು ಗಣಿಗಾರರೆನಿಸುತ್ತಾರೆ. ಕಠಿನವಾದ ಗಣಿತಶ್ರಮವನ್ನು ವ್ಯಯಿಸಿದವರಿಗೆ ಪ್ರತಿಫಲವಾಗಿ ಹೊಸ ನಾಣ್ಯಗಳು ದೊರೆಯುತ್ತವೆ. ನ್ಯಾಯವಾದ ಸರಣಿಗಳು ಎರಡಿದ್ದರೆ ಯಾವುದರಲ್ಲಿ ಹೆಚ್ಚು ಶ್ರಮವು ಸೇರಿದೆಯೋ ಅದನ್ನೇ ಪ್ರತಿಯೊಂದು ನೋಡ್ ಕೂಡ ಪ್ರಮಾಣವೆಂದು ಹಿಡಿಯುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ‘ನ್ಯಾಯವಾದ’ ಪತ್ರವಾವುದೆಂಬುದನ್ನು ಸಮಗ್ರವಾಗಿ ವಿಧಿಸುವ ಸೂತ್ರಗ್ರಂಥವು ಈ ವ್ಯವಸ್ಥೆಗೆ ಇರಲಿಲ್ಲ. ಒಂಬತ್ತು ಪುಟಗಳ ಪ್ರಬಂಧದಲ್ಲಿ ಸಿದ್ಧಾಂತವಿದೆಯೇ ಹೊರತು ಸೂಕ್ಷ್ಮನಿಯಮಗಳಿಲ್ಲ. ನಿಯಮವೆಲ್ಲವೂ ತಂತ್ರಾಂಶದ ನಡತೆಯಲ್ಲಿಯೇ ಇತ್ತು. ಮೊದಲನೆಯ ಆವೃತ್ತಿಯು ಹೊರಬಿದ್ದೊಡನೆ ಮೂಲವಿನ್ಯಾಸವು ಕಲ್ಲಿನಲ್ಲಿ ಕೆತ್ತಿದಂತಾಯಿತೆಂದೂ, ಇದಕ್ಕೆ ಸರಿಹೊಂದುವ ಎರಡನೆಯ ತಂತ್ರಾಂಶವನ್ನು ಬೇರೊಬ್ಬರು ರಚಿಸುವುದು ಅಪಾಯಕರವೆಂದೂ ನಕಮೋಟೊ ೨೦೧೦ರ ಜೂನ್ ತಿಂಗಳಲ್ಲಿ ಅಭಿಪ್ರಾಯಪಟ್ಟಿದ್ದನು. ಎಲ್ಲ ನೋಡ್‌ಗಳೂ ಏಕಪ್ರಕಾರವಾದ ಉತ್ತರವನ್ನು ಕೊಡಬೇಕಾದ ಕಡೆ, ಎರಡು ರಚನೆಗಳು ಸರ್ವಾಂಶದಲ್ಲಿಯೂ ಸಮವಾಗಿರುವುದು ದುಸ್ಸಾಧ್ಯವೆಂಬುದು ಅವನ ಆಶಯ. ಆದರೆ ಹಳೆಯ ಆವೃತ್ತಿಗೆ ಹೊಸ ಆವೃತ್ತಿಯೂ ಒಂದರ್ಥದಲ್ಲಿ ‘ಎರಡನೆಯ ರಚನೆ’ಯೇ ಆಗಿರುವುದೆಂಬುದು ೨೦೧೩ರವರೆಗೆ ಯಾರಿಗೂ ಪೂರ್ಣವಾಗಿ ವೇದ್ಯವಾಗಿರಲಿಲ್ಲ.

೩

೦.೮ನೆಯ ಆವೃತ್ತಿಯು ೨೦೧೩ರ ಫೆಬ್ರವರಿ ೧೯ರಂದು ಪ್ರಕಟವಾಯಿತು. ಅದರಲ್ಲಿನ ಮುಖ್ಯವಾದ ಬದಲಾವಣೆಯು ನಿಯಮಕ್ಕೆ ಸಂಬಂಧಿಸಿದುದಲ್ಲ, ಉಗ್ರಾಣಕ್ಕೆ ಸಂಬಂಧಿಸಿದುದು. ಹಿಂದಿನ ಆವೃತ್ತಿಗಳು ವ್ಯವಹಾರಗಳ ಸೂಚಿಯನ್ನು ಬರ್ಕ್ಲಿ ಡಿ.ಬಿ. ಎಂಬ ದತ್ತಭಂಡಾರದಲ್ಲಿ ಇರಿಸುತ್ತಿದ್ದುವು. ಅಂದಿನವರೆಗೆ ನಡೆದ ಪ್ರತಿಯೊಂದು ವ್ಯವಹಾರವೂ ಆ ಸೂಚಿಯಲ್ಲಿ ಸೇರುತ್ತಿದ್ದುದರಿಂದ ಅದು ದಿನೇ ದಿನೇ ಬೆಳೆದು, ಹೊಸದಾಗಿ ಸೇರುವವರಿಗೆ ಪುಸ್ತಕವನ್ನೆಲ್ಲ ಪರೀಕ್ಷಿಸಿ ಮುಗಿಸುವುದೇ ಬಹು ದೀರ್ಘವಾದ ಕಾರ್ಯವಾಗಿತ್ತು. ಪೀಟರ್ ವುಯ್ಲೆ ಎಂಬ ತಂತ್ರಜ್ಞರು ಇದಕ್ಕೆ ಪರಿಹಾರವನ್ನು ಕಲ್ಪಿಸಿದರು. ಖರ್ಚಾಗಿಹೋದ ನಾಣ್ಯಗಳ ವಿವರವು ಮುಂದಿನ ಪರೀಕ್ಷೆಗೆ ಬೇಕಿಲ್ಲ. ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿಯೊಂದಿದ್ದರೆ ಸಾಕು. ಈ ಚಿಕ್ಕ ಪಟ್ಟಿಯನ್ನು ಲೆವೆಲ್ ಡಿ.ಬಿ. ಎಂಬ ಹೊಸ ಭಂಡಾರದಲ್ಲಿ ಇರಿಸಲಾಯಿತು. ಕೆಲಸವು ಬಹಳ ಶೀಘ್ರವಾಯಿತು. ಗಣಿಗಾರರು ಈ ಶೀಘ್ರತೆಗಾಗಿಯೇ ಹೊಸ ಆವೃತ್ತಿಯನ್ನು ಬೇಗನೆ ಸ್ವೀಕರಿಸಿದರು.

ತಾಳೆಗರಿಯ ಗ್ರಂಥವನ್ನು ಕಾಗದಕ್ಕೆ ಇಳಿಸಿದಂತೆ ಇದು ಬರಿಯ ಆಧಾರದ ಬದಲಾವಣೆ, ಪಾಠದ ಬದಲಾವಣೆಯಲ್ಲವೆಂದು ಎಲ್ಲರೂ ತಿಳಿದರು. ಆದರೆ ಹಳೆಯ ಭಂಡಾರದಲ್ಲಿ ಒಂದು ಗುಟ್ಟು ಇತ್ತು. ಬರ್ಕ್ಲಿ ಡಿ.ಬಿ.ಯು ತನ್ನ ಯಾವುದೇ ಪುಟವನ್ನು ಓದುವಾಗಲೂ ತಿದ್ದುವಾಗಲೂ ಅದಕ್ಕೆ ಬೀಗ ಹಾಕಿಕೊಳ್ಳುತ್ತದೆ. ಒಂದು ಬ್ಲಾಕಿನ ಪರೀಕ್ಷೆ ಮುಗಿಯುವವರೆಗೆ ಆ ಬೀಗಗಳು ಬಿಡುಗಡೆಯಾಗುವುದಿಲ್ಲ. ಏಕಕಾಲದಲ್ಲಿ ಎಷ್ಟು ಬೀಗಗಳಿಗೆ ಅವಕಾಶವೆಂಬುದನ್ನು ಭಂಡಾರವನ್ನು ಬಳಸುವವರೇ ನಿಗದಿಮಾಡಬೇಕು. ಬಿಟ್‌ಕಾಯಿನ್ ತಂತ್ರಾಂಶದಲ್ಲಿ ಅದು ೧೦,೦೦೦ ಎಂದು ನಿಗದಿಯಾಗಿತ್ತು. ಬ್ಲಾಕಿನ ಪರಿಮಾಣವು ೧೦,೦೦,೦೦೦ ಬೈಟುಗಳನ್ನು ಮೀರಬಾರದೆಂಬ ನಿಯಮವು ಎಲ್ಲರಿಗೂ ತಿಳಿದಿತ್ತು. ಪೂರ್ಣಪರಿಮಾಣದ ಬ್ಲಾಕುಗಳನ್ನು ಪ್ರಯೋಗಜಾಲದಲ್ಲಿ ಪರೀಕ್ಷಿಸಿಯೂ ಆಗಿತ್ತು. ಪರಿಮಾಣದಲ್ಲಿ ಚಿಕ್ಕದಾಗಿದ್ದೂ ಹಿಂದಿನ ಅನೇಕ ವ್ಯವಹಾರಗಳನ್ನು ಮುಟ್ಟುವುದರಿಂದ ಹೆಚ್ಚು ಬೀಗಗಳನ್ನು ಬೇಡುವ ಬ್ಲಾಕೊಂದು ಬರಬಹುದೆಂದು ಯಾರೂ ಊಹಿಸಲಿಲ್ಲ. ಗಣಿಗಾರರ ಗಣಕಗಳು ೦.೭ಕ್ಕೆ ಹಿಂದಿನ ಆವೃತ್ತಿಗಳಲ್ಲಿ ೫,೦೦,೦೦೦ ಬೈಟುಗಳಿಗಿಂತ ದೊಡ್ಡ ಬ್ಲಾಕುಗಳನ್ನು ತಾವಾಗಿ ರಚಿಸುತ್ತಿರಲಿಲ್ಲವಾದುದರಿಂದ ಅಂತಹ ಸಂದರ್ಭವೂ ಒದಗಿರಲಿಲ್ಲ. ೦.೭ರಲ್ಲಿ ಈ ಮಿತಿಯನ್ನು ಬಳಸುವವರ ಇಚ್ಛೆಗೆ ಬಿಡಲಾಯಿತು. ದುರ್ಘಟನೆಗೆ ಹಿಂದಿನ ವಾರದಲ್ಲಿ ಅದನ್ನು ಏರಿಸಬೇಕೆಂದು ಗಣಿಗಾರರನ್ನು ಪ್ರೋತ್ಸಾಹಿಸಲಾಗಿತ್ತು.

೪

೨೦೧೩ರ ಮಾರ್ಚ್ ೧೧ ಮತ್ತು ೧೨ರ ನಡುವಣ ರಾತ್ರಿ, ೨,೨೫,೪೩೦ನೆಯ ಸ್ಥಾನದಲ್ಲಿ ಅಂತಹ ಬ್ಲಾಕೊಂದು ಬಂದಿತು. ಅದನ್ನು ರಚಿಸಿದವರು ೦.೮ನ್ನು ಬಳಸುತ್ತಿದ್ದರು. ತಿಳಿದಿದ್ದ ಯಾವ ನಿಯಮವನ್ನೂ ಅದು ಮೀರಿರಲಿಲ್ಲ. ೦.೮ನೆಯ ಆವೃತ್ತಿಯ ನೋಡ್‌ಗಳು ಅದನ್ನು ಒಪ್ಪಿ ಮುಂದುವರಿದುವು. ಹಳೆಯ ಆವೃತ್ತಿಗಳ ನೋಡ್‌ಗಳಲ್ಲಿ ಬೀಗಗಳು ಮುಗಿದುಹೋಗಿ, ಅವು ಆ ಬ್ಲಾಕನ್ನು ಅನ್ಯಾಯವೆಂದು ತಳ್ಳಿದುವು. ಅವುಗಳ ದೃಷ್ಟಿಯಲ್ಲಿ ಅದರ ಮೇಲೆ ಕಟ್ಟಿದುದೆಲ್ಲವೂ ಅನ್ಯಾಯವೇ. ಹೀಗೆ ಒಂದೇ ಲೆಕ್ಕಪುಸ್ತಕವು ಎರಡು ಶಾಖೆಗಳಾಯಿತು. ಗಣಿತಶ್ರಮದಲ್ಲಿ ಸುಮಾರು ಶೇಕಡ ೬೦ರಷ್ಟು ಹೊಸ ಶಾಖೆಯ ಕಡೆಗಿದ್ದುದರಿಂದ ಭೇದವು ತಾನಾಗಿ ಶಮನವಾಗುವ ಸಂಭವವಿರಲಿಲ್ಲ.

ಈ ಭೇದವು ಕೇವಲ ತಾಂತ್ರಿಕ ಕುತೂಹಲವಾಗಿರಲಿಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು. ಒಂದು ಶಾಖೆಯಲ್ಲಿ ಸಂದ ಹಣವನ್ನೇ ಮತ್ತೊಂದು ಶಾಖೆಯಲ್ಲಿ ಬೇರೆ ಕಡೆಗೆ ಕಳುಹಿಸಲು ಆ ಗಂಟೆಗಳಲ್ಲಿ ಸಾಧ್ಯವಿತ್ತು. ಒಬ್ಬರು ಇದನ್ನು ಮಾಡಿಯೇ ತೋರಿಸಿದರು: ಒಕೆಪೇ ಎಂಬ ಹಣಪಾವತಿ ಸಂಸ್ಥೆಯ ಮೂಲಕ ಸಂದ, ಅಂದಿನ ಬೆಲೆಯಲ್ಲಿ ಸುಮಾರು ೧೦,೦೦೦ ಡಾಲರುಗಳ ಮೊತ್ತವನ್ನು ಎರಡು ಬಾರಿ ಖರ್ಚುಮಾಡಲಾಯಿತು. ಮೋಸದ ಉದ್ದೇಶವಿಲ್ಲದೆ ಸಾಧ್ಯವೇ ಎಂದು ಪರೀಕ್ಷಿಸಲು ಹೀಗೆ ಮಾಡಿದುದೆಂದು ಅನಂತರದ ವರದಿಯು ಹೇಳುತ್ತದೆ. ಆದರೆ ಯಾವ ಅಪಾಯವನ್ನು ತಪ್ಪಿಸಲೆಂದೇ ಈ ವ್ಯವಸ್ಥೆಯು ಹುಟ್ಟಿತೋ ಅದೇ ಅಪಾಯವು ನಿಜವಾಗಿ ಘಟಿಸಿತೆಂಬುದರಲ್ಲಿ ಸಂಶಯವಿಲ್ಲ.

೫

ಈಗ ನಿರ್ಣಯದ ಪ್ರಶ್ನೆ. ಎರಡು ಮಾರ್ಗಗಳಿದ್ದುವು. ಹಳೆಯ ಆವೃತ್ತಿಯವರೆಲ್ಲರೂ ಕೂಡಲೆ ೦.೮ಕ್ಕೆ ಏರಬೇಕೆಂದು ಹೇಳುವುದು ಮೊದಲನೆಯದು. ಹೊಸ ಆವೃತ್ತಿಯ ಗಣಿಗಾರರು ೦.೭ಕ್ಕೆ ಇಳಿಯಬೇಕೆಂದು ಹೇಳುವುದು ಎರಡನೆಯದು. ಬಹುಮತವೂ ಹೊಸದರ ಕಡೆಗಿತ್ತು, ಗುಣವೂ ಹೊಸದರ ಕಡೆಗಿತ್ತು. ದೋಷವು ಸ್ಪಷ್ಟವಾಗಿ ಹಳೆಯದರದು. ಹಾಗಿದ್ದರೂ ತಂತ್ರಜ್ಞರು ಎರಡನೆಯ ಮಾರ್ಗವನ್ನೇ ಆರಿಸಿದರು. ಅದಕ್ಕೆ ಕಾರಣವು ಹೀಗಿದೆ. ಹಳೆಯ ಶಾಖೆಯ ಬ್ಲಾಕುಗಳು ಎರಡೂ ಆವೃತ್ತಿಗಳಿಗೆ ಸಮ್ಮತವಾದುವು. ಹೊಸ ಶಾಖೆಯವು ಹೊಸ ಆವೃತ್ತಿಗೆ ಮಾತ್ರ ಸಮ್ಮತವಾದುವು. ಹಳೆಯ ಶಾಖೆಯು ಶ್ರಮದಲ್ಲಿ ಮುಂದಾದರೆ ೦.೮ನೆಯ ನೋಡ್‌ಗಳು ಯಾರ ಅಪ್ಪಣೆಯೂ ಇಲ್ಲದೆ ತಾವಾಗಿ ಆ ಕಡೆಗೆ ತಿರುಗುತ್ತವೆ. ಹೊಸ ಶಾಖೆಯು ಎಷ್ಟು ಉದ್ದವಾದರೂ ಹಳೆಯ ನೋಡ್‌ಗಳು ಅದನ್ನು ಒಪ್ಪಲಾರವು. ಅವುಗಳ ಒಡೆಯರು ಒಬ್ಬೊಬ್ಬರಾಗಿ ಎಚ್ಚತ್ತು ತಂತ್ರಾಂಶವನ್ನು ಬದಲಿಸುವವರೆಗೆ ಭೇದವು ಉಳಿಯುತ್ತಿತ್ತು. ಆದುದರಿಂದ ಉಭಯಸಮ್ಮತವಾದ, ಸಂಕುಚಿತವಾದ ಪಾಠವೇ ಐಕ್ಯಕ್ಕೆ ದಾರಿಯಾಯಿತು.

ಬಿ.ಟಿ.ಸಿ. ಗಿಲ್ಡ್ ಮತ್ತು ಸ್ಲಶ್ ಎಂಬ ಎರಡು ಗಣಿಗಾರಸಂಘಗಳು ೦.೭ಕ್ಕೆ ಹಿಂದಿರುಗಿದುವು. ಶ್ರಮದ ಬಹುಭಾಗವು ಹಳೆಯ ಶಾಖೆಗೆ ಸೇರಿತು. ಸುಮಾರು ಆರು ಗಂಟೆಗಳಲ್ಲಿ ಅದು ಹೊಸದನ್ನು ಹಿಂದಿಕ್ಕಿತು, ೦.೮ನೆಯ ನೋಡ್‌ಗಳೆಲ್ಲವೂ ಅದಕ್ಕೆ ಮರಳಿದುವು. ಹೊಸ ಶಾಖೆಯ ೨೪ ಬ್ಲಾಕುಗಳು ತ್ಯಕ್ತವಾದುವು. ಪ್ರತಿ ಬ್ಲಾಕಿಗೆ ಅಂದು ೨೫ ಬಿಟ್‌ಕಾಯಿನ್‌ಗಳ ಪ್ರತಿಫಲವಿದ್ದುದರಿಂದ, ಅವುಗಳನ್ನು ರಚಿಸಿದವರು ಒಟ್ಟು ೬೦೦ ಬಿಟ್‌ಕಾಯಿನ್‌ಗಳನ್ನು ಕಳೆದುಕೊಂಡರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಪ್ರಕಟವಾದ ನಿಯಮಗಳಂತೆಯೇ, ಪ್ರಕಟವಾದ ಹೊಸ ಆವೃತ್ತಿಯಿಂದಲೇ ಕೆಲಸ ಮಾಡಿದ್ದರು.

೬

ಮುಂದಿನ ಚಿಕಿತ್ಸೆಯೂ ವಿಚಾರಾರ್ಹವಾಗಿದೆ. ಮಾರ್ಚ್ ೧೮ರಂದು ೦.೮.೧ ಎಂಬ ಆವೃತ್ತಿಯು ಹೊರಬಂದಿತು. ದೋಷವಿಲ್ಲದ ೦.೮ಕ್ಕೆ ಹಳೆಯದರ ದೋಷವನ್ನು ಬುದ್ಧಿಪೂರ್ವಕವಾಗಿ ಅನುಕರಿಸುವ ವಿಧಿಯನ್ನು ಇದರಲ್ಲಿ ಸೇರಿಸಲಾಗಿತ್ತು: ೧೦,೦೦೦ಕ್ಕಿಂತ ಹೆಚ್ಚು ಬೀಗಗಳನ್ನು ಬೇಡಬಹುದಾದ ಬ್ಲಾಕುಗಳನ್ನು ತಿರಸ್ಕರಿಸತಕ್ಕದ್ದು, ೫,೦೦,೦೦೦ ಬೈಟುಗಳಿಗಿಂತ ದೊಡ್ಡ ಬ್ಲಾಕುಗಳನ್ನು ರಚಿಸತಕ್ಕದ್ದಲ್ಲ. ಈ ವಿಧಿಯು ಶಾಶ್ವತವಲ್ಲ. ೨೦೧೩ರ ಮೇ ೧೫ರವರೆಗೆ ಮಾತ್ರ ಊರ್ಜಿತವೆಂದು ಮೊದಲೇ ಘೋಷಿಸಲಾಗಿತ್ತು. ಆ ಎರಡು ತಿಂಗಳುಗಳಲ್ಲಿ ಹಳೆಯವರು ಹೊಸ ಆವೃತ್ತಿಗೆ ಬರಬೇಕು, ಬರಲಾರದವರು ತಮ್ಮ ಬೀಗಗಳ ಮಿತಿಯನ್ನು ೫,೩೭,೦೦೦ಕ್ಕೆ ಏರಿಸಿಕೊಳ್ಳಬೇಕು ಎಂದು ತಿಳಿಸಲಾಯಿತು. ಮೇ ೧೫ರಂದು ವಿಧಿಯು ತೊಲಗಿತು. ಹಳೆಯ ಮಿತಿಯನ್ನು ಮೀರಿದ ಬ್ಲಾಕು ನಿಜವಾಗಿ ಬಂದುದು ಆಗಸ್ಟ್ ೧೬ರಂದು, ೨,೫೨,೪೫೧ನೆಯ ಸ್ಥಾನದಲ್ಲಿ. ಆ ವೇಳೆಗೂ ತಿದ್ದಿಕೊಳ್ಳದೆ ಉಳಿದಿದ್ದ ಕೆಲವು ನೋಡ್‌ಗಳು ಅಂದು ಪಂಕ್ತಿಯಿಂದ ಹೊರಗಾದುವು. ಈ ಬಾರಿ ಯಾವ ಕೋಲಾಹಲವೂ ಆಗಲಿಲ್ಲ.

ಗ್ಯಾವಿನ್ ಆಂಡ್ರೆಸನ್ ಅವರು ಬರೆದ, ಬಿ.ಐ.ಪಿ. ೫೦ ಎಂಬ ಸಂಖ್ಯೆಯ ವರದಿಯಲ್ಲಿ ಈ ಸಂಗತಿಗಳೆಲ್ಲ ದಾಖಲಾಗಿವೆ. ಅದರಲ್ಲಿನ ಒಂದು ಅಂಶವು ನಮಗೆ ಅತ್ಯಂತ ಮುಖ್ಯವಾದುದು: ಬೀಗಗಳ ಮಿತಿಯು ಯಾರೂ ಬರೆಯದ, ಯಾರೂ ಅರಿಯದ ಒಂದು ನಿಯಮವಾಗಿ ಪರಿಣಮಿಸಿದ್ದಿತೆಂದು ವರದಿಯು ಒಪ್ಪಿಕೊಳ್ಳುತ್ತದೆ. ಅದೂ ಅಸ್ಥಿರವಾದ ನಿಯಮ. ಏಕೆಂದರೆ ಎಷ್ಟು ಬೀಗಗಳು ಬೇಕಾಗುವುವೆಂಬುದು ಆಯಾ ಗಣಕದಲ್ಲಿ ಸೂಚಿಯ ಪುಟಗಳು ಹೇಗೆ ಹಂಚಿಹೋಗಿವೆಯೋ ಅದನ್ನು ಅವಲಂಬಿಸಿತ್ತು. ಎಲ್ಲರೂ ಹಳೆಯ ಆವೃತ್ತಿಯಲ್ಲಿಯೇ ಉಳಿದಿದ್ದರೂ ಒಂದು ದಿನ ಭೇದವು ತಲೆದೋರಬಹುದಾಗಿತ್ತು. ಆದುದರಿಂದ ಹಳೆಯ ಪಾಠಕ್ಕೇ ಅಂಟಿಕೊಂಡಿರಬೇಕಿತ್ತೆಂಬ ವಾದವೂ ನಿಲ್ಲುವುದಿಲ್ಲ.

೭

ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಹೋಲುವುದೇನಾದರೂ ಇದೆಯೆ? ಶ್ರುತಿಯಲ್ಲಿ ಲೌಕಿಕ ವ್ಯಾಕರಣಕ್ಕೆ ಒಗ್ಗದ ರೂಪವು ಕಂಡರೆ ಅಧ್ಯೇತೃಗಳು ಅದನ್ನು ತಿದ್ದುವುದಿಲ್ಲ. ಛಾಂದಸವೆಂದು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಇತಿಹಾಸಪುರಾಣಗಳಲ್ಲಿ ಅದಕ್ಕೆ ಆರ್ಷಪ್ರಯೋಗವೆಂದು ಹೆಸರು. ಬಿಟ್‌ಕಾಯಿನ್ ತಂತ್ರಾಂಶದಲ್ಲಿಯೂ ಆರ್ಷಪ್ರಯೋಗವುಂಟು. ಅನೇಕರ ಸಹಿಗಳನ್ನು ಒಟ್ಟಿಗೆ ಪರೀಕ್ಷಿಸುವ ಆದೇಶವೊಂದು ಮೊದಲಿನಿಂದಲೂ ಅವಶ್ಯಕತೆಗಿಂತ ಒಂದು ಪದಾರ್ಥವನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತದೆ. ಇದು ಎಣಿಕೆಯ ತಪ್ಪೆಂಬುದನ್ನು ಎಲ್ಲರೂ ಬಲ್ಲರು. ಆದರೂ ಯಾರೂ ತಿದ್ದಲಿಲ್ಲ. ಪ್ರಯೋಜನವಿಲ್ಲದ ಆ ಪದಾರ್ಥವು ಶೂನ್ಯವಾಗಿರಬೇಕೆಂಬ ನಿಯಮವನ್ನು ಮಾತ್ರ ೨೦೧೭ರಲ್ಲಿ ಸೇರಿಸಲಾಯಿತು. ತಿಳಿದ ದೋಷವನ್ನು ಹೀಗೆ ಕಾಪಾಡಬಹುದು. ೨೦೧೩ರ ದೋಷವು ತಿಳಿದುದಾಗಿರಲಿಲ್ಲ. ಅದು ತೊಲಗಿದ ಮೇಲೆಯೇ ಅದಿತ್ತೆಂಬುದು ಗೊತ್ತಾಯಿತು. ಇಲ್ಲಿಯೇ ತೊಡಕಿರುವುದು.

ವ್ಯಾಕರಣಶಾಸ್ತ್ರದೊಡನೆ ಹೋಲಿಸಿದರೆ ವ್ಯತ್ಯಾಸವು ಇನ್ನೂ ಸ್ಫುಟವಾಗುತ್ತದೆ. ಪಾಣಿನಿ, ಕಾತ್ಯಾಯನ, ಪತಂಜಲಿಗಳೆಂಬ ಮೂವರು ಮುನಿಗಳಲ್ಲಿ ಅಭಿಪ್ರಾಯಭೇದ ಬಂದರೆ ಅನಂತರದವರ ಮಾತಿಗೆ ಹೆಚ್ಚಿನ ಪ್ರಾಮಾಣ್ಯವೆಂದು ವೈಯಾಕರಣರು ಒಪ್ಪುತ್ತಾರೆ. ಬಿಟ್‌ಕಾಯಿನ್‌ನಲ್ಲಿ ಅನಂತರದ ಆವೃತ್ತಿಗೆ ಆ ಅಧಿಕಾರವಿಲ್ಲ. ಪೂರ್ವದ ಆವೃತ್ತಿಯು ಬಳಕೆಯಲ್ಲಿರುವವರೆಗೆ ಅದರ ಮೌನವೂ ಅದರ ಪ್ರಮಾದವೂ ಪ್ರಮಾಣಕೋಟಿಯಲ್ಲಿಯೇ ಇರುತ್ತವೆ.

ಈ ಪಾಠವನ್ನು ಅನಂತರದ ಎರಡು ಸಂದರ್ಭಗಳು ದೃಢಪಡಿಸಿದುವು. ಸಹಿಗಳ ಪರೀಕ್ಷೆಗಾಗಿ ಓಪನ್ ಎಸ್.ಎಸ್.ಎಲ್. ಎಂಬ ಪರಕೀಯ ಗ್ರಂಥಭಾಗವನ್ನು ಈ ತಂತ್ರಾಂಶವು ಎರವಾಗಿ ಬಳಸುತ್ತಿತ್ತು. ೨೦೧೫ರ ಜನವರಿಯಲ್ಲಿ ಆ ಗ್ರಂಥಭಾಗದ ಕರ್ತೃಗಳು ಸಹಿಯ ಬರವಣಿಗೆಯ ವಿಷಯದಲ್ಲಿ ಹೆಚ್ಚಿನ ಕಟ್ಟುನಿಟ್ಟನ್ನು ತಂದರು. ಅದರಿಂದ ಬಿಟ್‌ಕಾಯಿನ್‌ನ ನಿಯಮವೇ ಅರಿವಿಲ್ಲದೆ ಬದಲಾಗುವ ಸ್ಥಿತಿ ಒದಗಿತು. ಈ ಸಲ ತಂತ್ರಜ್ಞರು ಎಚ್ಚರವಾಗಿದ್ದರು: ಬಿ.ಐ.ಪಿ. ೬೬ರ ಮೂಲಕ ಆ ಕಟ್ಟುನಿಟ್ಟನ್ನು ಸ್ವಂತ ನಿಯಮವಾಗಿ ಬರೆದುಕೊಂಡು, ೨೦೧೬ರ ೦.೧೨ನೆಯ ಆವೃತ್ತಿಯಲ್ಲಿ ಸಹಿಪರೀಕ್ಷೆಯನ್ನು ಎರವಿನಿಂದ ಬಿಡಿಸಿ ತಮ್ಮದೇ ಗ್ರಂಥಭಾಗಕ್ಕೆ ಒಪ್ಪಿಸಿದರು. ಎರಡನೆಯದು ಇದಕ್ಕೆ ವಿಪರೀತವಾದುದು. ೨೦೧೭ರ ೦.೧೪ನೆಯ ಆವೃತ್ತಿಯಲ್ಲಿ, ಒಂದೇ ವ್ಯವಹಾರದೊಳಗೆ ಒಂದೇ ನಾಣ್ಯವು ಎರಡು ಸಲ ಎಣಿಕೆಯಾಗಿದೆಯೆ ಎಂಬ ಪರೀಕ್ಷೆಯನ್ನು, ಬ್ಲಾಕಿನ ಪರಿಶೋಧನೆಯ ವೇಳೆ ಅದು ಪುನರುಕ್ತಿಯೆಂದು ಬಗೆದು ಶೀಘ್ರತೆಗಾಗಿ ಬಿಡಲಾಯಿತು. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವ ಸೂತ್ರಕಾರರ ಮನೋಭಾವವೇ ಇಲ್ಲಿಯೂ ಕೆಲಸ ಮಾಡಿತು. ಆದರೆ ಪುನರುಕ್ತಿಯೆಂದು ತೋರಿದುದು ಪುನರುಕ್ತಿಯಾಗಿರಲಿಲ್ಲ; ೦.೧೫ರಿಂದ ಮುಂದೆ, ಗಣಿಗಾರನೊಬ್ಬನು ಇಲ್ಲದ ನಾಣ್ಯಗಳನ್ನು ಸೃಷ್ಟಿಸಲು ಅದರಿಂದ ಅವಕಾಶವಾಗಿತ್ತು. ಯಾರೂ ದುರುಪಯೋಗಪಡಿಸಿಕೊಳ್ಳುವ ಮುನ್ನವೇ, ೨೦೧೮ರ ಸೆಪ್ಟೆಂಬರ್ ೧೮ರಂದು ಹೊರಬಂದ ೦.೧೬.೩ನೆಯ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನು ಮರಳಿ ಸ್ಥಾಪಿಸಲಾಯಿತು.

೮

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಒಡೆಯನಿಲ್ಲದ ವ್ಯವಸ್ಥೆಯೆಂದು ಹೇಳಿಕೊಂಡು, ಒಂದು ರಾತ್ರಿಯ ಆರು ಗಂಟೆಗಳಲ್ಲಿ ಕೆಲವೇ ತಂತ್ರಜ್ಞರೂ ಎರಡು ಗಣಿಗಾರಸಂಘಗಳೂ ಸೇರಿ ಸರ್ವರ ಲೆಕ್ಕವನ್ನು ತಿರುಗಿಸಿದರೆ, ಒಡೆತನವು ಅವರದೇ ಅಲ್ಲವೆ ಎಂದು. ಈ ಆಕ್ಷೇಪದಲ್ಲಿ ಬಲವಿದೆ. ಎರಡು ಸಂಘಗಳ ತೀರ್ಮಾನದಿಂದ ಬಹುಮತವೇ ಪಲ್ಲಟವಾಯಿತೆಂಬುದು ಅಲ್ಲಗಳೆಯಲಾಗದ ಸಂಗತಿ. ಆದರೆ ಅವರು ಮಾಡಿದುದೇನೆಂಬುದನ್ನೂ ನೋಡಬೇಕು. ತಂತ್ರಜ್ಞರು ಪ್ರಾರ್ಥಿಸಿದರು, ಆಜ್ಞಾಪಿಸಲಿಲ್ಲ. ಆಜ್ಞಾಪಿಸುವ ಸಾಧನವೂ ಅವರಲ್ಲಿರಲಿಲ್ಲ. ಸಂಘಗಳವರು ತಮ್ಮ ಲಾಭವನ್ನು ಬಿಟ್ಟುಕೊಟ್ಟರು. ತಾವೇ ರಚಿಸಿದ ಉತ್ತಮವಾದ ಆವೃತ್ತಿಯನ್ನು ಬದಿಗಿರಿಸಿ ಸದೋಷವಾದುದಕ್ಕೆ ಮಣಿಯಿರೆಂದು ಹೇಳುವುದು ಗ್ರಂಥಕರ್ತರಿಗೆ ಸುಲಭವಾದ ಮಾತಲ್ಲ. ಅಧಿಕಾರವಿತ್ತೆಂದರೂ ಅದು ಹಿಂದಕ್ಕೆ ಸರಿಯುವ ಅಧಿಕಾರವಾಗಿತ್ತು. ಮುಂದಕ್ಕೆ ಎಳೆಯುವುದು ಅವರಿಂದಲೂ ಸಾಧ್ಯವಿರಲಿಲ್ಲ.

ಇಷ್ಟರಿಂದ ಸಿದ್ಧವಾಗುವುದು ಹೀಗೆ. ಒಂದು ಪರಂಪರೆಯಲ್ಲಿ ಎಲ್ಲ ಪ್ರತಿಗಳೂ ಏಕರೂಪವಾಗಿರುವುದೇ ಪರಮಪ್ರಯೋಜನವಾಗಿರುವಾಗ, ಪಾಠವೆಂಬುದು ಲಿಖಿತವಾದ ನಿಯಮದಲ್ಲಿಯೂ ಇಲ್ಲ, ಕರ್ತೃವಿನ ಅಭಿಪ್ರಾಯದಲ್ಲಿಯೂ ಇಲ್ಲ. ಬಳಕೆಯಲ್ಲಿರುವ ಪ್ರತಿಗಳ ಸಮಾನವಾದ ನಡತೆಯಲ್ಲಿದೆ. ಅಲ್ಲಿ ಶುದ್ಧಿಯು ಒಬ್ಬಂಟಿಯಾಗಿ ಬಂದರೆ ಭೇದವಾಗುತ್ತದೆ. ದಿನವನ್ನು ಗೊತ್ತುಮಾಡಿ ಎಲ್ಲರಿಗೂ ತಿಳಿಸಿ, ಹಿಂದೆ ಉಳಿದವರಿಗೆ ಅವಕಾಶವನ್ನು ಕೊಟ್ಟು ಬಂದರೆ ಮಾತ್ರ ಶುದ್ಧಿಯೆನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಕ್ಷೋಭೆಯನ್ನುಂಟುಮಾಡಿದ ಬದಲಾವಣೆಯೇ ಆಗಸ್ಟ್ ತಿಂಗಳಲ್ಲಿ ಸದ್ದಿಲ್ಲದೆ ನೆರವೇರಿತೆಂಬುದನ್ನು ನೆನೆಯಬೇಕು. ಎರಡು ದಿನಗಳ ಬ್ಲಾಕುಗಳಿಗೆ ಗುಣದಲ್ಲಿ ಭೇದವಿರಲಿಲ್ಲ. ನಡುವೆ ಐದು ತಿಂಗಳುಗಳ ಪೂರ್ವಸಿದ್ಧತೆಯಿತ್ತು.

ನಾವು ಸಂಪಾದಿಸುವ ಕಾವ್ಯಗಳಿಗೆ ಇಂತಹ ಏಕರೂಪತೆಯ ನಿರ್ಬಂಧವಿಲ್ಲ. ಎರಡು ಪಾಠಗಳು ಅಕ್ಕಪಕ್ಕದಲ್ಲಿ ನೆಮ್ಮದಿಯಿಂದ ಬಾಳಬಲ್ಲುವು. ಅದು ನಮ್ಮ ಭಾಗ್ಯವೇ ಸರಿ. ಆದರೂ ಲಿಪಿಕಾರನ ತಪ್ಪೆಂದು ಒಂದಕ್ಷರವನ್ನು ಹೊಡೆದುಹಾಕುವ ಮುನ್ನ, ಆ ಅಕ್ಷರವನ್ನು ನೆಚ್ಚಿಕೊಂಡು ಯಾವ ವ್ಯಾಖ್ಯಾನವು, ಯಾವ ಗಾಯನಪದ್ಧತಿಯು, ಯಾವ ಪಾಠಶಾಲೆಯು ನಿಂತಿದೆಯೆಂದು ಒಮ್ಮೆ ವಿಚಾರಿಸುವುದು ನಮಗೂ ಒಪ್ಪತಕ್ಕದ್ದೇ ಆಗಿದೆ. ಯಾರೂ ಬರೆಯದ ನಿಯಮಗಳು ನಮ್ಮ ಪರಂಪರೆಗಳಲ್ಲಿಯೂ ಎಷ್ಟೋ ಇರಬಹುದು. ಅವುಗಳನ್ನು ಮುರಿದು ಅರಿಯುವುದಕ್ಕಿಂತ ಮುರಿಯುವ ಮುನ್ನ ಅರಿಯುವುದು ಲೇಸು.